ಲಕ್ಷ ದಾಟಿದ ಕಾರು ಮಾರುವ ಸೂತ್ರಗಳು

ಬೆಂಗಳೂರಲ್ಲಿ ಹಳೇ ಕಾರು ಮಾರಿದರೆ ಕೊಂಡವನ ಮುಖ ಮತ್ತೆ ನೋಡಬೇಕಾಗಿಲ್ಲ. ಸೊರಬ ಕಡೆಯ ಜಡೆಯಂಥ ಊರಲ್ಲಿ ಮಾರಿದರೆ ಅವನು ಆನವಟ್ಟಿ ಪೇಟೆಯಲ್ಲಿ ಸಿಗುತ್ತಾನೆ, ಚಂದ್ರಗುತ್ತಿ ಜಾತ್ರೆಯಲ್ಲಿ ಸಿಗುತ್ತಾನೆ, ಯಾರದೋ ಮದುವೆಯಲ್ಲಿ ಊಟದ ಪಂಕ್ತಿಗೆ ಎದುರೇ ಕೂರುತ್ತಾನೆ. ಗಾಡಿ ಕೈಕೊಟ್ಟಿದ್ದರೆ ಪಾಯಸ ಬರುವ ಹೊತ್ತಿಗೆ ಆ ಸುದ್ದಿ ಪಂಕ್ತಿಯ ಕೊನೆ ಮುಟ್ಟಿರುತ್ತದೆ. ಆದ್ದರಿಂದ ಸೊರಬ, ಶಿಕಾರಿಪುರದ ಕಡೆ ಇದ್ದದ್ದು ಹೇಳಿ ಮಾರುವುದು ಪುಣ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದ ಮಾತು. ಮನೆಮಂದಿಯೆಲ್ಲ ಹತ್ತಿಳಿದು ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಓಡಿಸಿದ ಕಾರು ಅಂಗಳದಲ್ಲಿದ್ದರೆ ಹೀಗೆ ಮಾಡಿ.

1. ಮೀಟರ್ ತೋರಿಸುವ ಅಂಕಿಯನ್ನೇ ಮೊದಲು ಹೇಳಿ.

ವಾಟ್ಸಾಪ್ ಗುಂಪಿಗೆ ಫೋಟೊ ಹಾಕುವಾಗ "1,56,000 ಕಿ.ಮೀ. ಓಡಿದೆ" ಎಂಬುದು ಮೊದಲ ಸಾಲಲ್ಲಿರಲಿ. ಅಂಕಿ ಕೇಳಿ ಹಿಂದೆ ಸರಿಯುವವನು ಮನೆವರೆಗೆ ಬಂದು, ಕಾಫಿ ಕುಡಿದು ಸರಿಯುವುದಕ್ಕಿಂತ ಫೋಟೊ ನೋಡಿಯೇ ಸರಿಯುವುದು ವಾಸಿ. ಅಷ್ಟಕ್ಕೂ ಇದು ನಾಚಿಕೆಪಡುವ ಅಂಕಿಯಲ್ಲ. ತಾಲ್ಲೂಕು ಕೆಲಸಕ್ಕೆ ಸೊರಬ, ಆಸ್ಪತ್ರೆಗೆ ಶಿವಮೊಗ್ಗ, ನೆಂಟರ ಮನೆಗೆ ಶಿರಸಿ, ಹಾನಗಲ್ಲು ಎಂದು ಓಡಾಡುವ ಮನೆಯ ಗಾಡಿ ವರ್ಷಕ್ಕೆ ಹದಿಮೂರು ಸಾವಿರ ಓಡಿದರೂ ಹನ್ನೆರಡು ವರ್ಷಕ್ಕೆ ಇಷ್ಟಾಗುತ್ತದೆ.

ಮೀಟರ್ ಹಿಂದೆ ತಿರುಗಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ವಂಚನೆ ಮಾತ್ರವಲ್ಲ, ದಡ್ಡತನ ಕೂಡ. ಮೀಟರ್ ಎಪ್ಪತ್ತು ಸಾವಿರ ಅಂದರೂ ಸವೆದು ನುಣುಪಾದ ಕ್ಲಚ್ ಪೆಡಲಿನ ರಬ್ಬರ್, ಹೊಳಪು ಹತ್ತಿದ ಸ್ಟೇರಿಂಗ್, ಕುಸಿದ ಡ್ರೈವರ್ ಸೀಟಿನ ಅಂಚು ಬೇರೆಯೇ ಕತೆ ಹೇಳುತ್ತವೆ. ಸರ್ವಿಸ್ ಬಿಲ್ಲಿನಲ್ಲಿ ಕಿಲೋಮೀಟರ್ ಅಚ್ಚಾಗಿರುವುದನ್ನು ಯಾರು ಅಳಿಸುತ್ತಾರೆ?

2. ಕೊಳ್ಳುವವನ ಮೆಕ್ಯಾನಿಕ್ ಬರುವ ಮುಂಚೆ ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ.

ಗಾಡಿ ಎತ್ತಿಸಿ ಅಡಿ ನೋಡಿ. ನಮ್ಮ ಮಳೆ, ನಮ್ಮ ಕೆಂಪುಮಣ್ಣು, ಅಡಿಕೆ ತೋಟದ ದಾರಿಯ ಕೆಸರು ಸೇರಿದರೆ ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಕಾಣದ ಕಡೆ. ಮ್ಯಾಟ್ ಎತ್ತಿ ನೆಲ ಮುಟ್ಟಿ ನೋಡಿ. ಬಾಗಿಲ ಕೆಳಅಂಚಿನಲ್ಲಿ ನೀರು ಇಳಿದುಹೋಗುವ ತೂತುಗಳಿವೆ. ಅವು ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ ಬಾಗಿಲು ಒಳಗಿನಿಂದ ಕೊಳೆಯುತ್ತಿರುತ್ತದೆ. ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಇವು ಹಳ್ಳಿ ರಸ್ತೆಯಲ್ಲಿ ಸವೆದೇ ಇರುತ್ತವೆ. ಕೊಟ್ಟಿಗೆ ಪಕ್ಕ ನಿಲ್ಲಿಸುತ್ತಿದ್ದ ಗಾಡಿಯಾದರೆ ಬಾನೆಟ್ ಒಳಗೆ ಇಲಿ ಕಡಿದ ವೈರು ಇದೆಯೇ ನೋಡಿ.

ಇನ್ನೊಂದು ಪರೀಕ್ಷೆಗೆ ದುಡ್ಡು ಬೇಡ. ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನು ಅದೇ ಬಾಯಿಯ ಮೇಲೆ ಸಡಿಲವಾಗಿ ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಬುಸುಬುಸು ಹೊಗೆ ಎದ್ದು ಮುಚ್ಚಳ ಕುಣಿದು ಕೆಳಗೆ ಬಿದ್ದರೆ ಪಿಸ್ಟನ್ ರಿಂಗು ಸವೆದಿರುವ ಅನುಮಾನ ಬಲವಾಗುತ್ತದೆ. ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಅನ್ನುವುದು ಇದಕ್ಕೇ. ನೋಡಲು ಬರುವವರು ಮೊದಲು ಕೈಹಾಕುವುದೂ ಇದಕ್ಕೇ.

3. ದೋಷಗಳನ್ನು ಬರೆದು ಕೊಡಿ.

ಈ ಸೂತ್ರವೊಂದಿದ್ದರೆ ಉಳಿದವು ಅರ್ಧ ಬೇಡ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಂ ವಂಚನೆಯೆಂದರೇನು ಎಂದು ವಿವರಿಸುವಾಗ ಕುದುರೆ ವ್ಯಾಪಾರದ ಉದಾಹರಣೆ ಕೊಡುತ್ತದೆ. ಕುದುರೆಗೆ ಊನವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಮಾರುವವನು ಬಾಯಿಬಿಡದಿದ್ದರೆ ಅದು ವಂಚನೆಯಲ್ಲ. ಅನೇಕರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ಉದಾಹರಣೆಯಲ್ಲಿ ಕೊಳ್ಳುವವಳು ಮಾರುವವನದೇ, ಆಗತಾನೆ ಪ್ರಾಯಕ್ಕೆ ಬಂದ ಮಗಳು. ಅಲ್ಲಿ ಸಂಬಂಧವೇ ಅವನ ಮೇಲೆ ಹೇಳುವ ಹೊಣೆ ಹೊರಿಸುತ್ತದೆ. ಅದರ ಮುಂದಿನದರಲ್ಲಿ ಕೊಳ್ಳುವವನು ನೇರ ಹೇಳಿಬಿಡುತ್ತಾನೆ: ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿಯುತ್ತೇನೆ. ಆಗ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ.

ಈಗ ನಮ್ಮೂರಿಗೆ ಬನ್ನಿ. "ಏನೂ ತೊಂದ್ರೆ ಇಲ್ಲ ಅಲ್ವಾ ಮಾವ?" ಎಂದು ಕೇಳದೆ ಮುಂಗಡ ಎಣಿಸಿದವನನ್ನು ಯಾರಾದರೂ ಕಂಡಿದ್ದೀರಾ? ಆ ಒಂದೇ ಪ್ರಶ್ನೆಯೊಳಗೆ ಎರಡನೇ ಉದಾಹರಣೆಯೂ ಇದೆ, ಮೂರನೆಯದೂ ಇದೆ. ಕಾಯ್ದೆ ಹೇಳುವ ಸಂಬಂಧ ಬಾಯಿಮಾತಿನ ಮಾವನಷ್ಟು ಸಡಿಲವಲ್ಲ, ನಿಜ. ಊರಿನ ಲೆಕ್ಕ ಮಾತ್ರ ಅಷ್ಟೇ ಸಡಿಲ, ಅಷ್ಟೇ ಬಿಗಿ.

ಪಟ್ಟಿ ಹೀಗಿರಲಿ: ಎಡಗಡೆ ಹಿಂಬಾಗಿಲು ಗುದ್ದಿಸಿಕೊಂಡು ಮರುಪೇಂಟ್ ಆಗಿದೆ. ಎಸಿ ಮಧ್ಯಾಹ್ನದ ಬಿಸಿಲಿಗೆ ಸಾಲದು. ಕ್ಲಚ್ ತೀರ ಮೇಲೆ ಹಿಡಿಯುತ್ತಿದೆ, ವರ್ಷದೊಳಗೆ ಬದಲಿಸಬೇಕು. ಎರಡು ಟಯರ್ ಹಳೆಯವು. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯನ್ನೂ ಬರೆಯಿರಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಎರಡು ಪ್ರತಿ ಮಾಡಿ, ಎರಡಕ್ಕೂ ಇಬ್ಬರ ಸಹಿ ಬೀಳಲಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಅನ್ನುತ್ತದೆ ಗಾದೆ. ಕಾರಿನ ವ್ಯಾಪಾರದಲ್ಲಿ ಒದೆ ಬೀಳುವುದು ಹೇಳದವರಿಗೆ.

4. ತೊಳೆಯಿರಿ, ಮೇಕಪ್ ಮಾಡಬೇಡಿ.

ಸೀಟು, ಡಿಕ್ಕಿ, ಗಾಜು ಚೊಕ್ಕಟವಾಗಿರಲಿ. ಆದರೆ ತೋರಿಸುವ ದಿನವೇ ಎಂಜಿನ್ನಿಗೆ ನೀರು ಹೊಡೆಸಿ ಆಯಿಲ್ ಜಿನುಗುವ ಜಾಗ ಮರೆಸುವುದು, ಸದ್ದು ಅಡಗಲೆಂದು ದಪ್ಪ ಆಯಿಲ್ ಸುರಿಯುವುದು, ತುಕ್ಕಿನ ಮೇಲೆ ಕರಿ ಬಣ್ಣ ಬಳಿಯುವುದು ಬೇಡ. ಬಳಿದ ಹೊಸ ಕಪ್ಪು ನೋಡಿದ ಕೂಡಲೇ ಅನುಭವಸ್ಥರಿಗೆ ಗುಮಾನಿ ಬರುತ್ತದೆ.

5. ಬೆಲೆಗೆ ಕಾರಣ ಇರಲಿ.

ಅದೇ ಮಾಡೆಲ್, ಅದೇ ವರ್ಷದ ಗಾಡಿಗಳು ಶಿವಮೊಗ್ಗ, ಶಿರಸಿ, ಹಾವೇರಿ ಕಡೆ ಎಷ್ಟಕ್ಕೆ ಹೋಗುತ್ತಿವೆ ವಿಚಾರಿಸಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಬೇರೆ, ಕೈಗೆ ಬೀಳುವ ಬೆಲೆ ಬೇರೆ. ತೀರ ಹಳೇ ಜಾಹೀರಾತನ್ನು ನಂಬಬೇಡಿ: 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ಜಗ್ಗುತ್ತದೆ. ಡೀಸೆಲ್ ಸ್ವಿಫ್ಟ್, ಡಿಸೈರ್ ಇದ್ದವರಿಗೆ ಮಾತ್ರ ಒಂದು ಸಮಾಧಾನ. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿದೆ, ಬೇಕೆಂದವರು ಹಳೆಯದನ್ನೇ ಹುಡುಕಬೇಕು.

ಮೆಕ್ಯಾನಿಕ್ ಹೇಳಿದ ರಿಪೇರಿ ಖರ್ಚನ್ನು ನೀವೇ ಕಳೆದು ಬೆಲೆ ಹೇಳಿ, ಕಳೆದಿದ್ದೇನೆ ಎಂದೂ ಹೇಳಿ. ಇಲ್ಲದಿದ್ದರೆ ಕ್ಲಚ್ಚಿಗೊಮ್ಮೆ, ಟಯರಿಗೊಮ್ಮೆ ಚೌಕಾಸಿ ನಡೆದು ಅದೇ ದುಡ್ಡು ಎರಡು ಸಲ ಹೋಗುತ್ತದೆ. ಆರ್‌ಸಿ ಅವಧಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಣ. ಹದಿನಾಲ್ಕು ದಾಟಿದ ಗಾಡಿಯಾದರೆ ಆ ಖರ್ಚು, ಓಡಾಟ ಯಾರ ಪಾಲಿಗೆ ಎಂಬುದು ಮಾತಿನಲ್ಲೇ ಇತ್ಯರ್ಥವಾಗಲಿ.

6. ಆಷಾಢದಲ್ಲಿ ಬೋರ್ಡ್ ಹಾಕಬೇಡಿ.

ನಂಬಿಕೆ ನಿಮಗಿಲ್ಲದಿರಬಹುದು, ಕೊಳ್ಳುವವನ ತಾಯಿಗಿದೆ. ಅಡಿಕೆ, ಜೋಳದ ದುಡ್ಡು ಕೈಸೇರುವ ಕಾಲ ಅಥವಾ ಆಯುಧಪೂಜೆಯ ಮುಂಚಿನ ವಾರಗಳು ಒಳ್ಳೆಯವು.

7. ಕಾಗದ ಮೊದಲೇ ಜೋಡಿಸಿ.

ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್, ಎರಡೂ ಕೀಲಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದೀರಾ ನೋಡಿ. ಸಾಲದ ಮೇಲೆ ಕೊಂಡಿದ್ದರೆ ಕಂತು ತೀರಿದ್ದಷ್ಟೇ ಸಾಲದು: ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಸಾಲ ಎಂದೋ ತೀರಿಸಿ ಇದೊಂದನ್ನು ಮರೆತವರು ಬಹಳ. ಟ್ರಾಫಿಕ್ ದಂಡ ಬಾಕಿಯಿದ್ದರೆ ಕಟ್ಟಿಬಿಡಿ, ಮಗ ಬೆಂಗಳೂರಿಗೆ ಒಯ್ದಿದ್ದ ಗಾಡಿಯಾದರೆ ಖಂಡಿತ ಇರುತ್ತದೆ.

8. ಎಂಜಿನ್ ತಣ್ಣಗಿರುವಾಗಲೇ ತೋರಿಸಿ.

ಬರುವ ಮುಂಚೆ ಚಾಲೂ ಮಾಡಿ ಬಿಸಿ ಮಾಡಿಡುವುದು ಹಳೇ ಉಪಾಯ. ಬಾನೆಟ್ ಮೇಲೆ ಕೈಯಿಟ್ಟರೆ ಸಿಕ್ಕಿಬೀಳುತ್ತದೆ. ಲೈಸೆನ್ಸ್ ನೋಡಿ, ಕೀಲಿ ಕೊಟ್ಟು, ನೀವು ಪಕ್ಕದಲ್ಲಿ ಕೂರಿ. ಒಂದು ಏರು, ಎರಡು ಹಂಪು, ಸ್ವಲ್ಪ ಮಣ್ಣು ರಸ್ತೆ ಸಿಗುವ ದಾರಿಯಲ್ಲಿ ಹೋಗಲಿ. ದಾರಿಯುದ್ದಕ್ಕೂ ಗಾಡಿಯನ್ನು ಹೊಗಳಬೇಡಿ, ಸದ್ದು ಅವರಿಗೂ ಕೇಳಬೇಕು.

9. ಎರಡು ಲಕ್ಷ ನಗದು ಮುಟ್ಟಬೇಡಿ.

ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸುತ್ತದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ. ಕೊಟ್ಟವನಿಗಲ್ಲ, ಪಡೆದ ನಿಮಗೆ. ಎರಡು ಕಂತು ಮಾಡಿದರೂ ವ್ಯವಹಾರ ಒಂದೇ. ಬ್ಯಾಂಕಿಗೆ ಹಾಕಿಸಿಕೊಳ್ಳಿ, ಮುಂಗಡಕ್ಕೂ ರಸೀದಿ ಕೊಡಿ.

10. ಆರ್‌ಸಿ ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿದಿಲ್ಲ.

"ಹೆಸರು ಆಮೇಲೆ ಮಾಡಿಸ್ಕೊಳ್ತೀನಿ ಗೌಡ್ರೆ" ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಒಂದು ಕಾರು 2007ರಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾರಾಟವಾಗುತ್ತ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. 2009ರಲ್ಲಿ ಅಪಘಾತವಾಯಿತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ಗಾಡಿ ಅವರ ಅಂಗಳ ಬಿಟ್ಟು ಆಗಲೇ ವರ್ಷಗಳಾಗಿದ್ದವು.

ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಮಾರಾಟದ ಸೂಚನೆಗೆ ಫಾರ್ಮ್ 29, ವರ್ಗಾವಣೆಯ ಅರ್ಜಿಗೆ ಫಾರ್ಮ್ 30. ಸೊರಬದ ಗಾಡಿಗಳ ಕೆಲಸ ಸಾಗರದ ಆರ್‌ಟಿಒ ಆಫೀಸಿನಲ್ಲಿ, ಕೆಎ-15. ಕೊಳ್ಳುವವನು ಹಾನಗಲ್ಲಿನವನಾದರೆ ಅವನದು ಹಾವೇರಿ, ಕೆಎ-27. ಯಾವ ಆಫೀಸಿಗೆ ಏನೇನು ಬೇಕೆಂದು ಮೊದಲೇ ಕೇಳಿಕೊಂಡು ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ. ಕೀಲಿ ಕೊಡುವಾಗ ತಾರೀಕು ಮಾತ್ರವಲ್ಲ, ಗಂಟೆ ನಿಮಿಷ ಬರೆದ ಡೆಲಿವರಿ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಅದೇ ಸಂಜೆ ಏನಾದರೂ ಆದರೆ ಆ ನಿಮಿಷಕ್ಕೂ ಬೆಲೆ ಬರುತ್ತದೆ. ಹೆಸರು ಬದಲಾಯಿತೇ ಎಂದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೀವೇ ನೋಡಿ, ಅವನ ಫೋನಿಗೆ ಕಾಯಬೇಡಿ.

11. ಬ್ರೋಕರ್ ಕೈಗೆ ಸಹಿ ಹಾಕಿದ ಖಾಲಿ ಫಾರ್ಮ್ ಕೊಡಬೇಡಿ.

ಬ್ರೋಕರ್ ಮೂಲಕ ಮಾರಿದರೆ ತಪ್ಪಿಲ್ಲ, ಕಮಿಷನ್ ಎಷ್ಟೆಂದು ಇಬ್ಬರಿಗೂ ಗೊತ್ತಿದ್ದರಾಯಿತು. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಹಾಗೆ ಇಲ್ಲಿ ಮುಚ್ಚಿಟ್ಟು ಮಾತಾಡಿದರೆ ಹೊರೆ ನಿಮ್ಮ ತಲೆಗೇ. ಡೀಲರ್‌ಗೆ ಬಿಟ್ಟುಬರುವುದಾದರೆ ಅಧಿಕೃತ ಪರವಾನಗಿ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ ಅಲ್ಲಿಂದಾಚೆಗಿನ ಹೊಣೆ ಅವರದು.

12. ಸಣ್ಣಪುಟ್ಟವು.

ಫಾಸ್ಟ್ಯಾಗ್ ಕಿತ್ತರೆ ಸಾಲದು, ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಇಲ್ಲದಿದ್ದರೆ ಅವರ ಧರ್ಮಸ್ಥಳ ಪ್ರವಾಸದ ಟೋಲ್ ನಿಮ್ಮ ಖಾತೆಯಿಂದ ಹೋದೀತು. ಇನ್ಶೂರೆನ್ಸ್ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ 14 ದಿನವಿದೆ, ನೆನಪಿಸಿ. ನೋ ಕ್ಲೈಮ್ ಬೋನಸ್ ಮಾತ್ರ ಗಾಡಿಯ ಜೊತೆ ಹೋಗುವುದಿಲ್ಲ, ಅದು ನಿಮ್ಮದು. ಕಂಪನಿಯಿಂದ ಪತ್ರ ತೆಗೆದಿಟ್ಟುಕೊಂಡರೆ 3 ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ, ಸ್ವಂತ ಡ್ಯಾಮೇಜಿನ ಪ್ರೀಮಿಯಂನಲ್ಲಿ ಶೇ 50ರವರೆಗೆ ಉಳಿಯುತ್ತದೆ.