ಕಲ್ಲಿನ ಕಣ್ಣುಳ್ಳ ಕೈಟಾನ್

ಫ್ಲಾರಿಡ ಮತ್ತು ಕೆರಿಬಿಯನ್ ದ್ವೀಪಗಳ ಸುಣ್ಣಕಲ್ಲಿನ ದಡಗಳಲ್ಲಿ, ಸಮುದ್ರವು ಇಳಿದಾಗ ಬಯಲಾಗುವ ಬಂಡೆಗಳ ಮೇಲೆ, ಕಲ್ಲಿನದೇ ಒಂದು ಉಬ್ಬೆಂಬಂತೆ ತೋರುವ ಜೀವಿಯೊಂದು ಅಂಟಿಕೊಂಡಿರುತ್ತದೆ. ಅಕ್ಯಾಂಥೊಪ್ಲೂರ ಗ್ರ್ಯಾನ್ಯುಲೇಟ ಎಂಬುದು ಅದರ ಶಾಸ್ತ್ರೀಯ ನಾಮ. 1791ರಲ್ಲಿ ಜರ್ಮನಿಯ ಗ್ಮೆಲಿನನು ಇದನ್ನು ವರ್ಣಿಸಿ ಹೆಸರಿಟ್ಟನು. ಬಸವನಹುಳು, ಕಪ್ಪೆಚಿಪ್ಪುಗಳಂತೆ ಇದೂ ಒಂದು ಮೃದ್ವಂಗಿ. ಉದ್ದ ಸುಮಾರು 7 ಸೆಂ.ಮೀ.

ಬೆನ್ನಿನ ಮೇಲೆ ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಚಾಚಿದ ಎಂಟು ಫಲಕಗಳಿದ್ದರೆ ಆ ಪ್ರಾಣಿಯು ಕೈಟಾನ್ ವರ್ಗದ್ದೆಂದು ನಿಶ್ಚಯಿಸಬಹುದು. ಪ್ರಭೇದವನ್ನು ನಿರ್ಣಯಿಸುವುದು ಅಷ್ಟು ಸುಲಭವಲ್ಲ. ಫಲಕಗಳ ಕೆತ್ತನೆಯನ್ನೇ ನೆಚ್ಚಿದ ವಿದ್ಯಾರ್ಥಿಯು ಇಲ್ಲಿ ಮೋಸಹೋಗುವನು. ವಯಸ್ಸಾದ ಪ್ರಾಣಿಯಲ್ಲಿ ಅವು ಸವೆದು ಬರಿಯ ಕಂದು ಕಲ್ಲಿನಂತಾಗಿರುತ್ತವೆ. ನೋಡಬೇಕಾದುದು ಫಲಕಗಳನ್ನು ಸುತ್ತುವರಿದ ಮಾಂಸಲವಾದ ಅಂಚನ್ನು. ಅದೇ ದಡದಲ್ಲಿ ವಾಸಿಸುವ ಕೈಟಾನ್ ಟ್ಯೂಬರ್ಕ್ಯುಲೇಟಸ್ ಎಂಬ ಪ್ರಭೇದದಲ್ಲಿ ಈ ಅಂಚಿಗೆ ಹಾವಿನ ಮೈಯಂತೆ ನಯವಾದ ಹುರುಪೆಗಳಿವೆ. ಗ್ರ್ಯಾನ್ಯುಲೇಟದಲ್ಲಾದರೋ ಸುಣ್ಣದ ಮೊಂಡು ಮುಳ್ಳುಗಳು ಒತ್ತಾಗಿದ್ದು, ಬಿಳುಪಿನ ನಡುವೆ ಕಪ್ಪು ಪಟ್ಟೆಗಳು ಕಾಣುತ್ತವೆ.

ಇದರ ಆಹಾರ ಬಂಡೆಯ ಮೇಲಿನ ಪಾಚಿ. ಅದನ್ನು ಕೆರೆಯುವ ನಾಲಗೆಯು ಬಡಗಿಯ ಅರದಂತಿದ್ದು, ಮುಖ್ಯ ಹಲ್ಲುಗಳ ತುದಿಗೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಹೊದಿಕೆಯಿದೆ. ಕೈಟಾನ್‌ಗಳ ಈ ವಿಶೇಷವನ್ನು ಲೋವೆನ್‌ಸ್ಟಾಮ್ ಎಂಬ ವಿಜ್ಞಾನಿಯು 1962ರಲ್ಲಿ ಪ್ರಕಟಿಸಿದನು.

ಇದಕ್ಕಿಂತಲೂ ಅಚ್ಚರಿಯ ಸಂಗತಿಯೆಂದರೆ, ತಲೆಯಲ್ಲಿ ಕಣ್ಣೇ ಇಲ್ಲದ ಈ ಪ್ರಾಣಿಯ ಫಲಕಗಳಲ್ಲಿ ನೂರಾರು ಸೂಕ್ಷ್ಮ ಕಣ್ಣುಗಳು ಹುದುಗಿರುವುದು. ನಮ್ಮ ಕಣ್ಣಿನ ಮಸೂರವು ಪ್ರೋಟೀನಿನದು. ಇದರ ಮಸೂರವು ಚಿಪ್ಪಿನ ದ್ರವ್ಯವೇ ಆದ ಅರಾಗೊನೈಟ್ ಎಂಬ ಖನಿಜದ್ದು. ಇವು ಕೇವಲ ಬೆಳಕು ಕತ್ತಲೆಗಳನ್ನು ಮಾತ್ರ ಅರಿಯುವುವೋ, ಆಕಾರವನ್ನೂ ಕಾಣುವುವೋ ಎಂಬ ಪ್ರಶ್ನೆಗೆ 2011ರಲ್ಲಿ ಸ್ಪೈಸರ್ ಮತ್ತು ಸಂಗಡಿಗರು ಸರಳವಾದೊಂದು ಪ್ರಯೋಗದಿಂದ ಉತ್ತರವಿತ್ತರು. ನೆಮ್ಮದಿಯಿಂದಿರುವ ಕೈಟಾನ್ ಉಸಿರಾಟಕ್ಕಾಗಿ ಅಂಚನ್ನು ತುಸು ಎತ್ತಿಕೊಂಡಿರುತ್ತದೆ. 20 ಸೆಂ.ಮೀ. ಎತ್ತರದಲ್ಲಿ 3 ಸೆಂ.ಮೀ. ಅಥವಾ ಅದಕ್ಕೂ ದೊಡ್ಡ ಕಪ್ಪು ಬಿಲ್ಲೆಯನ್ನು ತೋರಿದೊಡನೆ ಅದು ಅಂಚನ್ನಿಳಿಸಿ ಬಂಡೆಯನ್ನು ಬಿಗಿಯಾಗಿ ಹಿಡಿಯಿತು. ಅಷ್ಟೇ ಬೆಳಕನ್ನು ತಡೆಯುವ ಬೂದುಬಣ್ಣದ ಪರದೆಗೆ ಹಾಗೆ ಅಂಜಲಿಲ್ಲ. ಕಂಡುದು ಬರಿಯ ನೆರಳನ್ನಲ್ಲ, ವಸ್ತುವನ್ನು.

ಆದರೆ ಈ ನೋಟಕ್ಕೆ ಬೆಲೆ ತೆರಬೇಕಾಗುತ್ತದೆ. ಕಣ್ಣಿದ್ದೆಡೆಯಲ್ಲಿ ಕವಚವು ದುರ್ಬಲವೆಂದು 2015ರ ಅಧ್ಯಯನವೊಂದು ತೋರಿಸಿತು. ಅಂತೆಯೇ ಅವು ಫಲಕದ ಉಬ್ಬುಗಳ ನಡುವಣ ತಗ್ಗುಗಳಲ್ಲಿ ಅಡಗಿರುತ್ತವೆ. ಅಲೆಗಳ ಹೊಡೆತಕ್ಕೆ ಹಳೆಯ ಕಣ್ಣುಗಳು ಸವೆದುಹೋಗುತ್ತವೆ. ಫಲಕವು ಬೆಳೆಯುವ ಅಂಚಿನಲ್ಲಿ ಜೀವಿತವಿಡೀ ಹೊಸ ಕಣ್ಣುಗಳು ಮೂಡುತ್ತಲೇ ಇರುತ್ತವೆ. ಪರೀಕ್ಷಿಸುವವನು ಮಸೂರಗಳ ಕಪ್ಪು ಚುಕ್ಕೆಗಳನ್ನು ಅಲ್ಲಿಯೇ ಹುಡುಕಬೇಕು.