ಮೂರು ಕಂಪ್ಯೂಟರ್, ಒಂದೇ ಬೋರ್ಡ್: ಟೆಸ್ಟ್‌ಗಳಿಗೆ ಸರದಿ ಹಚ್ಚೋದು ಹೇಗೆ?

ಪ್ರಾಜೆಕ್ಟ್ ಡೆಮೋ ಹತ್ತಿರ ಬಂದಾಗ ಲ್ಯಾಬ್‌ನಲ್ಲಿ ಕೇಳಿಬರುವ ಮಾತು: "ಇನ್ನೆರಡು ಕಂಪ್ಯೂಟರ್ ಕೊಟ್ಟಿದ್ರೆ ಟೆಸ್ಟ್‌ಗಳು ಬೇಗ ಮುಗೀತಿದ್ವು." ನಿಜವಾಗಿಯೂ ಮುಗೀತಿದ್ವಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪು ಬೆಳೆಗಾರರ ಮನೆಯವರಿಗೆ ಉತ್ತರ ಅರ್ಧ ಗೊತ್ತು. ಬ್ಯಾರನ್‌ಗೆ ಎಲೆ ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಅದನ್ನು ಬೇರೆ ಎಲೆಗೆ ಬಿಟ್ಟುಕೊಡೋಕಾಗಲ್ಲ. ಎಲೆ ಹಳದಿಯಾಗಬೇಕು, ಒಣಗಬೇಕು, ಕೊನೆಗೆ ನಡುನರವೂ ಒಣಗಬೇಕು. ಇನ್ನೊಂದು ವಿಷಯ: ಬ್ಯಾರನ್ ಎರಡಿದ್ದರೂ ಕಡ್ಡಿಗೆ ಎಲೆ ಕಟ್ಟುವ ಆಳುಗಳ ಗುಂಪು ಒಂದೇ ಆದರೆ ಎರಡನ್ನೂ ಒಟ್ಟಿಗೆ ತುಂಬೋಕಾಗಲ್ಲ. ಟೆಸ್ಟ್‌ಗಳ ಕಥೆಯೂ ಇದೇ.

ಉದ್ದದ್ದು ಮೊದಲು

ನಮ್ಮ ಬಳಿ ಆರು ಟೆಸ್ಟ್ ಇವೆ ಅನ್ನಿ. ಅವಕ್ಕೆ ಬೇಕಾದ ಸಮಯ 3, 3, 4, 4, 4, 12 ನಿಮಿಷ. ಒಂದೇ ಕಂಪ್ಯೂಟರ್‌ನಲ್ಲಿ 30 ನಿಮಿಷ. ಮೂರು ಕಂಪ್ಯೂಟರ್‌ಗೆ ಇದೇ ಕ್ರಮದಲ್ಲಿ, ಯಾವುದು ಖಾಲಿಯಾಗುತ್ತೋ ಅದಕ್ಕೆ ಕೊಡುತ್ತಾ ಹೋದರೆ, 12 ನಿಮಿಷದ ಟೆಸ್ಟ್ ಶುರುವಾಗೋದೇ 4ನೇ ನಿಮಿಷಕ್ಕೆ. ಎಲ್ಲ ಮುಗಿಯೋದು 16ಕ್ಕೆ. ಉದ್ದದ್ದನ್ನೇ ಮೊದಲು ಕೊಟ್ಟು ನೋಡಿ: 12 ನಿಮಿಷಕ್ಕೆ ಮುಗೀತು! ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಹತ್ತು ಕಂಪ್ಯೂಟರ್ ತಂದರೂ 12 ನಿಮಿಷದ ಟೆಸ್ಟ್ 12 ನಿಮಿಷವೇ.

ರೊನಾಲ್ಡ್ ಗ್ರಹಾಂ ಇದರ ಗಣಿತ ಕೊಟ್ಟರು. ಮೂರು ಯಂತ್ರಗಳಿಗೆ ಯಾವುದೇ ಕ್ರಮದಲ್ಲಿ ಹಂಚಿದರೂ ಅತ್ಯುತ್ತಮ ಸಮಯದ 5/3 ಪಟ್ಟು ಮೀರಲ್ಲ ಎಂದು 1966ರಲ್ಲಿ, ಉದ್ದದ್ದು ಮೊದಲು ಎಂದರೆ 11/9 ಪಟ್ಟು ಮೀರಲ್ಲ ಎಂದು 1969ರಲ್ಲಿ ತೋರಿಸಿದರು.

ಬೋರ್ಡ್ ಒಂದೇ ಇದ್ದರೆ?

ಈ ಲೆಕ್ಕದಲ್ಲಿ ಟೆಸ್ಟ್‌ಗಳು ಒಂದಕ್ಕೊಂದು ಅಡ್ಡ ಬರಲ್ಲ. ಆದರೆ 4 ನಿಮಿಷದ ಮೂರೂ ಟೆಸ್ಟ್‌ಗಳಿಗೆ ಒಂದೇ ಆರ್ಡುಯಿನೋ ಬೋರ್ಡ್ ಬೇಕು ಅನ್ನಿ. ಒಟ್ಟಿಗೆ ಓಡಿಸಿದರೆ ಒಂದರ ಡೇಟಾ ಇನ್ನೊಂದಕ್ಕೆ ಹೋಗಿ, ಕೋಡ್ ಸರಿಯಿದ್ದರೂ ಟೆಸ್ಟ್ ಫೇಲ್. ಹೀಗೆ ನಾಲ್ಕು ಸಲ ಆದರೆ "ಅದು ಹಾಗೇ ಬಿಡು, ಮತ್ತೆ ರನ್ ಮಾಡು" ಅನ್ನೋ ಅಭ್ಯಾಸ ಬರುತ್ತೆ. ಆಮೇಲೆ ನಿಜವಾದ ದೋಷ ಬಂದಾಗಲೂ ಯಾರೂ ತಿರುಗಿ ನೋಡಲ್ಲ. ದೊಡ್ಡ ನಷ್ಟ ಇದೇ.

ಬೋರ್ಡ್‌ಗೆ ಲಾಕ್ ಹಾಕಿದರೆ ತಪ್ಪು ಫಲಿತಾಂಶ ನಿಲ್ಲುತ್ತೆ. ಆದರೆ ಲಾಕ್‌ಗೆ ಕಾಯುವ ಟೆಸ್ಟ್ ಕಂಪ್ಯೂಟರನ್ನೂ ಹಿಡಿದುಕೊಂಡೇ ಕೂತರೆ, ನಮ್ಮ 12 ನಿಮಿಷ 14 ಆಗುತ್ತೆ. ಬೇಕಿದ್ದರೆ ಕಾಗದದ ಮೇಲೆ ಗೀಟು ಎಳೆದು ನೋಡಿ. ಬದಲಿಗೆ ಬೋರ್ಡ್ ಬೇಕಾದ ಮೂರನ್ನೂ ಒಂದೇ ಕಂಪ್ಯೂಟರ್‌ಗೆ ಸಾಲಾಗಿ ಕೊಡಿ. ಮೊದಲನೆಯದಕ್ಕೆ 12, ಎರಡನೆಯದಕ್ಕೆ 4+4+4, ಮೂರನೆಯದಕ್ಕೆ 3+3. ಮತ್ತೆ 12 ನಿಮಿಷ!

ನೀವು ಮಾಡಬೇಕಾದ್ದು

1. ಪ್ರತಿ ಟೆಸ್ಟ್‌ನ ಸಮಯ ಅಳೆಯಿರಿ. ಪೈಟೆಸ್ಟ್‌ನಲ್ಲಿ 'ಡ್ಯುರೇಶನ್ಸ್' ಆಯ್ಕೆ ಇದೆ.
2. ಯಾವ ಟೆಸ್ಟ್‌ಗೆ ಯಾವ ಬೋರ್ಡ್, ಪೋರ್ಟ್, ಡೇಟಾಬೇಸ್ ಬೇಕು ಅಂತ ಪಟ್ಟಿ ಮಾಡಿ.
3. ಬೇರೆ ಮಾಡಲು ಆಗುವುದನ್ನು ಬೇರೆ ಮಾಡಿ: ಪ್ರತಿ ಟೆಸ್ಟ್‌ಗೆ ತನ್ನದೇ ಡೇಟಾಬೇಸ್, ತನ್ನದೇ ಫೋಲ್ಡರ್.
4. ಆಗದಿದ್ದನ್ನು ಗುಂಪು ಮಾಡಿ. ಪೈಟೆಸ್ಟ್‌ನ 'ಎಕ್ಸ್‌ಡಿಸ್ಟ್' ಪ್ಲಗಿನ್‌ನಲ್ಲಿ 'ಲೋಡ್‌ಗ್ರೂಪ್' ವಿಧಾನ ಒಂದು ಗುಂಪಿನ ಟೆಸ್ಟ್‌ಗಳನ್ನು ಒಂದೇ ವರ್ಕರ್‌ಗೆ ಕಳಿಸುತ್ತೆ.
5. ಗುಂಪನ್ನೂ ಒಂದು ಉದ್ದದ ಟೆಸ್ಟ್ ಅಂತಲೇ ಎಣಿಸಿ, ಉದ್ದದ್ದನ್ನು ಮೊದಲು ಬಿಡಿ.

ಇಷ್ಟಾದ ಮೇಲೂ ಸಾಲದಿದ್ದರೆ ಏನು ಕೇಳಬೇಕು ಅನ್ನೋದು ನಿಮಗೇ ಗೊತ್ತಾಗುತ್ತೆ: ಬಹಳ ಸಲ ಅದು ಇನ್ನೊಂದು ಕಂಪ್ಯೂಟರ್ ಅಲ್ಲ, ಇನ್ನೊಂದು ಬೋರ್ಡ್.