ಪಟ್ಟ ಹೋದರೂ ಬರಿದಾಗದ ಊರು: ಕಲಬುರಗಿ

ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಹೋದದ್ದೇಕೆ ಎಂದರೆ ಪರೀಕ್ಷೆಯಲ್ಲಿ ಹಲವರು ‘ಹವೆ’ ಎಂದು ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಬೀದರ್ ಎತ್ತರದ ಕೆಂಪುನೆಲ, ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಎರೆಬಯಲು, ನಿಜ. ಆದರೆ 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಇಲ್ಲಿ ನೆಲೆಯೂರಿದಾಗಲೂ ಇದೇ ಬಿಸಿಲಿತ್ತು. 1422ರಲ್ಲಿ ಅಣ್ಣ ಫಿರೋಜ್‌ನನ್ನು ಇಳಿಸಿ ಪಟ್ಟವೇರಿ, ಮುಂದೆ ರಾಜಧಾನಿಯನ್ನು ಬೀದರ್‌ಗೆ ಒಯ್ದ ಅಹಮದ್ ಶಾನಿಗೆ ಹಳೆಯ ಅರಮನೆಯ ಬಣಗಳಿಂದ ದೂರವಾಗುವುದೂ ಬೇಕಿದ್ದಿರಬಹುದು.

ಪಟ್ಟ ಹೋಯಿತು, ಜನ ಉಳಿದರು. ಅದೇ 1422ರಲ್ಲಿ ತೀರಿಕೊಂಡ ಸೂಫಿ ಸಂತ ಬಂದೇ ನವಾಜರ ದರ್ಗಾ, ಆಮೇಲೆ ಲಿಂಗಾಯತ ಸಂತ ಶರಣಬಸವೇಶ್ವರರ (1746–1822) ದಾಸೋಹ ಊರನ್ನು ಹಿಡಿದು ನಿಲ್ಲಿಸಿದವು. ಇದು ಬರೀ ಭಕ್ತಿ, ಭೂಗೋಳವಲ್ಲ ಎನ್ನಬಹುದು. ಆದರೆ ಜೋಳ, ತೊಗರಿ ಬೆಳೆಯುವ ಎರೆಮಣ್ಣಿಲ್ಲದೆ ದಾಸೋಹದ ಒಲೆ ಉರಿಯುವುದೆಲ್ಲಿ? ಶರಣಬಸವೇಶ್ವರರ ಗುಡಿಯ ಪಕ್ಕದ ಕೆರೆಯೂ ಅದೇ ಲೆಕ್ಕದ್ದು. ಹೋಳಿಯ ನಂತರ ಆ ಗುಡಿಯಲ್ಲಿ ನಡೆಯುವ ಜಾತ್ರೆಯಲ್ಲಿ ತೇರಿನತ್ತ ಉತ್ತತ್ತಿ, ಬಾಳೆಹಣ್ಣು ಹಾರುವ ಹೊತ್ತಿಗೆ ಎಲ್ಲರ ಕಣ್ಣೂ ಮೇಲೆ, ಗಾಲಿ ಕೆಳಗೆ. ಹೊಸಬರು ಹಗ್ಗದಿಂದ ದೂರವಿರಲಿ, ನೀರಿನ ಬಾಟಲಿ ಮರೆಯದಿರಲಿ. ಬಾಳೆಯ ಮಾತು ಬಂತಲ್ಲ, ಬೀದರ್ ದಾರಿಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು.